ಲಾರಿ ವಿದ್ಯೆಯ ಗುರುದಕ್ಷಿಣೆ

ಶಿರಸಿಗೆ ರೈಲು ಬಂದಿಲ್ಲ. ಯಲ್ಲಾಪುರಕ್ಕೂ ಬಂದಿಲ್ಲ. ಸಿದ್ದಾಪುರದವರು ರೈಲು ಹತ್ತಬೇಕಾದರೆ ಜಿಲ್ಲೆಯ ಗಡಿ ದಾಟಿ ತಾಳಗುಪ್ಪಕ್ಕೆ ಹೋಗಬೇಕು. ಹುಬ್ಬಳ್ಳಿ-ಅಂಕೋಲಾ ರೈಲು ಮಾರ್ಗದ ಮಾತು ದಶಕಗಳಿಂದ ಕೇಳಿಬರುತ್ತಿದ್ದರೂ ಅದು ಪೂರ್ಣಗೊಂಡಿಲ್ಲ. ಹೀಗಾಗಿ ಈ ಮೂರು ತಾಲ್ಲೂಕುಗಳಿಂದ ಹೊರಗೆ ಹೋಗುವ ಅಡಿಕೆ, ಕಾಳುಮೆಣಸು, ಬಾಳೆಗೊನೆ, ಒಳಗೆ ಬರುವ ಅಕ್ಕಿ, ಸಿಮೆಂಟು, ಗೊಬ್ಬರ ಎಲ್ಲವೂ ಲಾರಿಯನ್ನೇ ನಂಬಿವೆ. ಲಾರಿ ನಂಬಿರುವುದು ಚಾಲಕನನ್ನು.

ಆ ಚಾಲಕನಿಗೆ ವಿದ್ಯೆ ಕಲಿಸಿದವರು ಯಾರು? ಕಲಿಕೆಯ ಖರ್ಚನ್ನು ಭರಿಸಿದವರು ಯಾರು? ಅಡಿಕೆಯ ಧಾರಣೆಗೆ, ಘಟ್ಟದ ರಸ್ತೆಗೆ, ಸಹಕಾರಿ ಸಂಘಗಳಿಗೆ ಚರಿತ್ರೆ ಬರೆದವರಿದ್ದಾರೆ. ಸ್ಟಿಯರಿಂಗ್ ಹಿಡಿಯುವ ವಿದ್ಯೆಗೆ ತೆತ್ತ ಬೆಲೆಯ ಲೆಕ್ಕವನ್ನು ಮಾತ್ರ ಯಾರೂ ಬರೆದಿಡಲಿಲ್ಲ. ಏಕೆಂದರೆ ಬಹುಕಾಲ ಆ ಬೆಲೆಯನ್ನು ಹಣದಲ್ಲಿ ಕೊಡುತ್ತಿರಲಿಲ್ಲ. ಮೈಮುರಿದು ದುಡಿದು ತೀರಿಸುತ್ತಿದ್ದರು.

ಹೇರೆತ್ತಿನಿಂದ ಎಂಜಿನ್‌ಗೆ

ಮೋಟಾರು ಬರುವ ಮೊದಲೂ ಈ ಘಟ್ಟಗಳಲ್ಲಿ ಸರಕು ಸಾಗುತ್ತಿತ್ತು. ಲಂಬಾಣಿಗರು ಹೇರೆತ್ತುಗಳ ಮೇಲೆ ಕರಾವಳಿಯ ಉಪ್ಪನ್ನು ಮೇಲಕ್ಕೆ, ಬಯಲುಸೀಮೆಯ ದವಸವನ್ನು ಕೆಳಕ್ಕೆ ಒಯ್ಯುತ್ತಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಕುಮಟಾ ಬಂದರಿನಿಂದ ಹಡಗು ಹತ್ತಿತು. ಆ ಹತ್ತಿಗೆ ಪರದೇಶದ ಪೇಟೆಯಲ್ಲಿ ಕುಮಟಾ ಎಂಬ ಹೆಸರೇ ಬಿತ್ತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ನಿಂತಾಗ ಇಂಗ್ಲೆಂಡಿನ ಗಿರಣಿಗಳ ಕಣ್ಣು ಇತ್ತ ತಿರುಗಿತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆಯೂ ಈ ಹತ್ತಿ ವ್ಯಾಪಾರದ ಒತ್ತಡವಿತ್ತು. ದೇವಿಮನೆ, ಅರಬೈಲು ಘಟ್ಟಗಳಲ್ಲಿ ಗಾಡಿ ರಸ್ತೆಗಳು ಬಂದವು. 1888ರ ಹೊತ್ತಿಗೆ ಮರ್ಮಗೋವಾ ಬಂದರಿನಿಂದ ಘಟ್ಟ ಹತ್ತಿದ ರೈಲು ಹತ್ತಿಯನ್ನು ಎಳೆದುಕೊಂಡು ಹೋಯಿತು. ಕುಮಟಾ ಬಂದರು ಸೊರಗಿದರೂ ಘಟ್ಟದ ರಸ್ತೆಗಳು ಉಳಿದವು.

ಗಾಡಿ ಹೊಡೆಯುವ ವಿದ್ಯೆಗೆ ಯಾರೂ ಶುಲ್ಕ ಕೊಡಲಿಲ್ಲ. ಅಪ್ಪನ ಪಕ್ಕ ಮೂಕಿಯ ಮೇಲೆ ಕುಳಿತ ಮಗ ನೋಡಿ ಕಲಿಯುತ್ತಿದ್ದ. ಮೋಟಾರು ಬಂದಾಗ ಆ ದಾರಿ ಮುಚ್ಚಿತು. ಎತ್ತು ಮನೆಯ ಕೊಟ್ಟಿಗೆಯಲ್ಲಿತ್ತು, ಲಾರಿ ಸಾಹುಕಾರನ ಶೆಡ್ಡಿನಲ್ಲಿತ್ತು. ಕಲಿಯಬೇಕೆಂಬ ಹುಡುಗ ಬೇರೊಬ್ಬರ ಬಾಗಿಲಿಗೆ ಹೋಗಿ ನಿಲ್ಲಬೇಕಾಯಿತು.

ಬ್ಲೋವರ್ ತಿರುಗಿಸಿದ ಹುಡುಗ

ಕೆನರಾ ಕರಾವಳಿಯಲ್ಲಿ ಬಸ್ಸಿನ ಯುಗ ಬೇಗನೆ ಆರಂಭವಾಯಿತು. ಮಂಗಳೂರಿನ ಸಿಪಿಸಿ ಕಂಪನಿ ಹುಟ್ಟಿದ್ದು 1914ರಲ್ಲಿ. ಅದೇ ವರ್ಷ ಇಡೀ ದೇಶಕ್ಕೆ ಅನ್ವಯಿಸುವ ಮೊದಲ ಮೋಟಾರು ವಾಹನ ಕಾಯ್ದೆಯೂ ಬಂತು. ಎರಡನೆಯ ಮಹಾಯುದ್ಧದ ದಿನಗಳಲ್ಲಿ ಪೆಟ್ರೋಲು ಪಡಿತರದ ವಸ್ತುವಾದಾಗ ಬಸ್ಸು, ಲಾರಿಗಳ ಹಿಂಬದಿಗೆ ಇದ್ದಿಲಿನ ಗ್ಯಾಸ್ ಒಲೆ ಕಟ್ಟಿದರು. ಬೆಳಗಾಗುವ ಮುನ್ನ ಎದ್ದು ಒಲೆಗೆ ಇದ್ದಿಲು ತುಂಬಿ, ಗ್ಯಾಸ್ ಹುಟ್ಟುವ ತನಕ ಬ್ಲೋವರ್ ತಿರುಗಿಸುವುದು ಕ್ಲೀನರನ ಕೆಲಸ. ಯುದ್ಧ ಮುಗಿದ ಮೇಲೆ ಸೈನ್ಯ ವಿಲೇವಾರಿ ಮಾಡಿದ ಲಾರಿಗಳು ಖಾಸಗಿ ಮಾಲೀಕರ ಕೈಸೇರಿದವು. 1954ರಲ್ಲಿ ಟಾಟಾ ಸಂಸ್ಥೆ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆಗೂಡಿ ಇಲ್ಲಿಯೇ ಲಾರಿ ತಯಾರಿಸತೊಡಗಿತು. ಬೆಡ್‌ಫರ್ಡ್, ಫಾರ್ಗೋಗಳ ಜೊತೆಗೆ ಟಾಟಾ ಮರ್ಸಿಡಿಸ್ ಕೂಡ ಘಟ್ಟ ಹತ್ತಿತು.

ಲಾರಿಗಳು ಹೆಚ್ಚಿದವು, ಚಾಲಕರನ್ನು ತಯಾರಿಸುವ ಶಾಲೆಗಳು ಹೆಚ್ಚಲಿಲ್ಲ. ಆ ಕೊರತೆಯನ್ನು ತುಂಬಿದ್ದು ಕ್ಲೀನರ್ ಎಂಬ ಪದ್ಧತಿ. ಹೆಸರು ಕ್ಲೀನರ್, ಕೆಲಸ ಮಾತ್ರ ಗಾಡಿ ತೊಳೆಯುವುದಕ್ಕೆ ಮುಗಿಯುತ್ತಿರಲಿಲ್ಲ. ರೇಡಿಯೇಟರಿಗೆ ನೀರು ಹೊಯ್ಯಬೇಕು, ಟೈರು ತಟ್ಟಿ ಗಾಳಿ ನೋಡಬೇಕು, ಪಂಕ್ಚರಾದರೆ ಜಾಕ್ ಹಚ್ಚಬೇಕು. ತಾಡಪಾಲು ಕಟ್ಟಬೇಕು, ದಾರಿಯ ಬದಿಯಲ್ಲಿ ಸ್ಟೌ ಹಚ್ಚಿ ಅನ್ನ ಬೇಯಿಸಬೇಕು. ರಾತ್ರಿ ಡ್ರೈವರ್ ಮಲಗಿದಾಗ ಸರಕು ಕಾಯಬೇಕು. ಏರಿನಲ್ಲಿ ಲಾರಿ ನಿಂತರೆ ಜಿಗಿದು ಹಿಂದಿನ ಗಾಲಿಗೆ ಕಲ್ಲು ಕೊಡಬೇಕು. ಒಂದು ಗಳಿಗೆ ತಡವಾದರೂ ಕಲ್ಲು ಹಿಡಿದ ಕೈಯ ಮೇಲೆಯೇ ಲಾರಿ ಬರುತ್ತದೆ.

ಇಷ್ಟಕ್ಕೆ ಸಿಗುತ್ತಿದ್ದುದು ಊಟ, ಅಲ್ಪ ಬಾಟಾ ಮತ್ತು ಒಂದು ಭರವಸೆ. ಎಂದೋ ಒಂದು ದಿನ, ಸಮತಟ್ಟಾದ ರಸ್ತೆಯಲ್ಲಿ, ಖಾಲಿ ಲಾರಿಯಲ್ಲಿ, ಉಸ್ತಾದನ ಮನಸ್ಸು ಪ್ರಸನ್ನವಾಗಿದ್ದರೆ ಸ್ಟಿಯರಿಂಗ್ ಕೈಗೆ ಬರುತ್ತದೆ ಎಂಬುದೇ ಆ ಭರವಸೆ. ಅದು ಎರಡು ವರ್ಷಕ್ಕೆ ಬರಬಹುದು, ಐದು ವರ್ಷಕ್ಕೂ ಬರಬಹುದು. ಬೇಗ ಕಲಿತ ಹುಡುಗ ಬೇಗ ಬಿಟ್ಟುಹೋಗುತ್ತಾನೆಂದು ಪಾಠವನ್ನೇ ಮುಂದೂಡಲು ಅವಕಾಶವಿತ್ತು. ಗುರು-ಶಿಷ್ಯ ಸಂಬಂಧದ ಮಮತೆಯೂ ಜೀತದ ಕಹಿಯೂ ಒಂದೇ ಕ್ಯಾಬಿನ್ನಿನಲ್ಲಿ ಪ್ರಯಾಣ ಮಾಡಿದವು ಎನ್ನಬಹುದು.

1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆ ದುಡಿಮೆಯೆಂದು ಮಿತಿ ಹಾಕಿತು. ಮಕ್ಕಳನ್ನು ಈ ಕೆಲಸಕ್ಕೆ ಹಚ್ಚಬಾರದೆಂದಿತು. ಆದರೆ ಆ ಕಾಯ್ದೆ ಅನ್ವಯಿಸಿದ್ದು ಐದು ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳಿಗೆ. ಒಂದು ಲಾರಿ, ಒಬ್ಬ ಡ್ರೈವರ್, ಒಬ್ಬ ಕ್ಲೀನರ್ ಇರುವ ಸಣ್ಣ ಮಾಲೀಕನ ಗಾಡಿ ಅದರ ಹೊರಗೇ ಉಳಿಯಿತು.

ಘಟ್ಟವೇ ಪಾಠಶಾಲೆ

ಈ ಭಾಗದ ಹುಡುಗರಿಗೆ ಕಾಡು ದೊಡ್ಡ ಪಾಠಶಾಲೆಯಾಗಿತ್ತು. ದಾಂಡೇಲಿಯ ವೆಸ್ಟ್ ಕೋಸ್ಟ್ ಕಾಗದ ಕಾರ್ಖಾನೆಯ ಸಂಸ್ಥೆ 1955ರಲ್ಲಿ ಸ್ಥಾಪನೆಯಾದ ಮೇಲೆ ಬಿದಿರಿಗೆ ಬೇಡಿಕೆ ಏರಿತು. ನಾಟಾ ಡಿಪೋಗಳಿಗೆ ದಿಮ್ಮಿ ಹೊತ್ತ ಲಾರಿಗಳು ಕೂಪಿನ ಮಣ್ಣುದಾರಿಯಲ್ಲಿ ಓಡಾಡಿದವು. ಪೊಲೀಸರೂ ಇಲ್ಲದ, ಎದುರಿಗೆ ಗಾಡಿಯೂ ಬಾರದ ಆ ದಾರಿಗಳು ಕೈ ಪಳಗಿಸಿಕೊಳ್ಳಲು ಹೇಳಿಮಾಡಿಸಿದಂತಿದ್ದವು. 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಕಳಸೆ ಕಾಡಿಗೆ ಹೋಗಿ ಮರಗಳನ್ನು ಅಪ್ಪಿಕೊಂಡರು. ಅಪ್ಪಿಕೋ ಚಳವಳಿ ಕಾಡು ಉಳಿಸಿತು. ಮುಂದೆ ಹಸಿರು ಮರ ಕಡಿಯುವುದಕ್ಕೆ ನಿರ್ಬಂಧ ಬಂದಂತೆ ನಾಟಾ ಲಾರಿಗಳೂ ಅವುಗಳ ಜೊತೆಗಿದ್ದ ಈ ಶಾಲೆಯೂ ಕರಗಿದವು. ಕಾಡಿನ ದೃಷ್ಟಿಯಿಂದ ಅದು ಲಾಭವೇ ಸರಿ.

ಘಟ್ಟ ಮಾತ್ರ ಇದ್ದಲ್ಲಿಯೇ ಇದೆ. ಏರುವುದಕ್ಕಿಂತ ಇಳಿಯುವುದು ಕಷ್ಟ ಎಂಬುದು ಅದರ ಮೊದಲ ಪಾಠ. ಹತ್ತು ಟನ್ನು ಹೇರಿದ ಲಾರಿ ಇಳಿಜಾರಿನಲ್ಲಿ ತಾನಾಗಿಯೇ ವೇಗ ಪಡೆಯುತ್ತದೆ. ಚಾಲಕ ಬ್ರೇಕನ್ನೇ ಒತ್ತುತ್ತ ಹೋದರೆ ಡ್ರಮ್ಮು, ಲೈನರುಗಳು ಕಾದು ಕೆಂಡವಾಗಿ ಹಿಡಿತ ಸಡಿಲುತ್ತದೆ. ಪೆಡಲು ಕಾಲಡಿಯಲ್ಲಿದ್ದರೂ ಗಾಡಿ ನಿಲ್ಲುವುದಿಲ್ಲ. ಆದ್ದರಿಂದ ಯಾವ ಗೇರಿನಲ್ಲಿ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿ ಎನ್ನುವುದು ಹಳಬರ ನಿಯಮ. ಚಿಕ್ಕ ಗೇರಿನಲ್ಲಿ ಎಂಜಿನ್ನೇ ಗಾಲಿಯನ್ನು ಹಿಡಿದಿಡುತ್ತದೆ. ನಾಲ್ಕು ಲೀಟರು ಡೀಸೆಲ್ ಉಳಿಸುವ ಆಸೆಗೆ ನ್ಯೂಟ್ರಲ್ ಮಾಡಿ ಇಳಿಯುವವನು ಎಂಜಿನ್ನಿನ ಈ ಆಸರೆಯನ್ನು ಕೈಯಾರೆ ಕಳಚಿಕೊಳ್ಳುತ್ತಾನೆ. ಮಳೆಗಾಲದ ಮಂಜಿನಲ್ಲಿ ಹೇರ್‌ಪಿನ್ ತಿರುವಿಗೆ ಎಷ್ಟು ಮೊದಲು ಹಾರ್ನ್ ಹಾಕಬೇಕು, ಹತ್ತುವ ಗಾಡಿಗೆ ಎಲ್ಲಿ ದಾರಿ ಬಿಡಬೇಕು ಎಂಬುದೆಲ್ಲ ಬಯಲಿನ ಮೈದಾನದಲ್ಲಿ ಕಲಿಯುವ ಸಂಗತಿಗಳಲ್ಲ.

2010ಕ್ಕೆ ಮುಂಚಿನ ಕೆಲವು ವರ್ಷ ಅರಬೈಲು ಘಟ್ಟ ಬೇರೊಂದು ಪರೀಕ್ಷೆ ಎದುರಿಸಿತು. ಬಳ್ಳಾರಿ, ಹೊಸಪೇಟೆಯ ಕಬ್ಬಿಣದ ಅದಿರು ಹೊತ್ತ ಲಾರಿಗಳು ಯಲ್ಲಾಪುರದ ಮೇಲೆ ಬೇಲೇಕೇರಿ ಬಂದರಿಗೆ ಸಾಲುಗಟ್ಟಿದವು. ಲಾರಿ ಹೆಚ್ಚಿದ ವೇಗದಲ್ಲಿ ನುರಿತ ಚಾಲಕರನ್ನು ಹೆಚ್ಚಿಸಲು ಯಾವ ವ್ಯವಸ್ಥೆಗೂ ಸಾಧ್ಯವಿರಲಿಲ್ಲ. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ನಿಷೇಧಿಸಿದ ಮೇಲೆ ಆ ಸಾಲು ಕರಗಿತು. ಘಟ್ಟದ ಅಪಾಯ ಕರಗಲಿಲ್ಲ. 2025ರ ಜನವರಿ 22ರ ನಸುಕಿನಲ್ಲಿ ಸವಣೂರಿನಿಂದ ಕುಮಟಾ ಸಂತೆಗೆ ಹೊರಟಿದ್ದ ತರಕಾರಿ ಲಾರಿ ಯಲ್ಲಾಪುರ ತಾಲ್ಲೂಕಿನಲ್ಲಿ ಉರುಳಿತು. ಸರಕಿನ ಜೊತೆ ಕುಳಿತಿದ್ದ ಸಣ್ಣ ವ್ಯಾಪಾರಿಗಳಲ್ಲಿ ಹತ್ತು ಮಂದಿ ಪ್ರಾಣ ಬಿಟ್ಟರು. ಒಂದೊಂದು ಅಪಘಾತಕ್ಕೆ ಒಂದೊಂದು ಕಾರಣವಿರುತ್ತದೆ. ಆದರೂ ಈ ರಸ್ತೆಗಳಲ್ಲಿ ಚಾಲಕನ ವಿದ್ಯೆ ಅವನೊಬ್ಬನ ಹೊಟ್ಟೆಪಾಡಿನ ವಿಷಯವಲ್ಲ ಎಂಬುದನ್ನು ಇಂಥ ಪ್ರತಿ ಸುದ್ದಿಯೂ ನೆನಪಿಸುತ್ತದೆ.

ಕಾಗದ ಕೇಳಿದ ಕಾನೂನು

1939ರ ಮೋಟಾರು ವಾಹನ ಕಾಯ್ದೆಯ ಕಾಲದಲ್ಲಿ ಇನ್‌ಸ್ಪೆಕ್ಟರ ಮುಂದೆ ಗಾಡಿ ಓಡಿಸಿ ತೋರಿಸಿದರಾಯಿತು. ಎಲ್ಲಿ ಕಲಿತೆ ಎಂಬ ಪ್ರಶ್ನೆ ದೊಡ್ಡದಾಗಿರಲಿಲ್ಲ. 1988ರ ಕಾಯ್ದೆ 1989ರ ಜುಲೈ 1ರಿಂದ ಜಾರಿಗೆ ಬಂದಾಗ ಚಿತ್ರ ಬದಲಾಯಿತು. ಸಾರಿಗೆ ವಾಹನದ ಲೈಸೆನ್ಸಿಗೆ 20 ವರ್ಷ ತುಂಬಿರಬೇಕು. ಮೊದಲು ಲಘು ವಾಹನದ ಲೈಸೆನ್ಸು ಪಡೆದು ಒಂದು ವರ್ಷ ಕಳೆದಿರಬೇಕು. ಮಾನ್ಯತೆ ಪಡೆದ ಶಾಲೆಯ ತರಬೇತಿ ಪ್ರಮಾಣಪತ್ರ ಲಗತ್ತಿಸಬೇಕು. ಭಾರಿ ವಾಹನದ ತರಬೇತಿ 30 ದಿನಕ್ಕೆ ಕಡಿಮೆಯಿಲ್ಲದಂತೆ, ಕನಿಷ್ಠ 15 ಗಂಟೆ ಗಾಡಿ ಓಡಿಸಿ ಆಗಬೇಕು ಎಂದು ನಿಯಮಗಳು ಹೇಳಿದವು.

ಉದ್ದೇಶ ಒಳ್ಳೆಯದೇ. ಆದರೆ ಐದು ವರ್ಷ ಘಟ್ಟ ಹತ್ತಿಳಿದ ಕ್ಲೀನರನ ಅನುಭವಕ್ಕೆ ಕಾಗದದ ಬೆಲೆ ಇಲ್ಲವಾಯಿತು. ದೇಹದಿಂದ ಒಮ್ಮೆ ಗುರುದಕ್ಷಿಣೆ ತೆತ್ತವನು ಶಾಲೆಗೆ ಹಣದಿಂದ ಇನ್ನೊಮ್ಮೆ ತೆರಬೇಕಾಯಿತು. ಎಂಟನೆಯ ತರಗತಿ ಪಾಸಾಗಿರಬೇಕೆಂಬ ನಿಯಮವಂತೂ ಬೇಗ ಶಾಲೆ ಬಿಟ್ಟು ಲಾರಿ ಹತ್ತಿದ ಹುಡುಗರಿಗೆ ಗೋಡೆಯಾಗಿತ್ತು. ದೇಶದಲ್ಲಿ ಸುಮಾರು 22 ಲಕ್ಷ ಚಾಲಕರ ಕೊರತೆ ಇದೆ ಎಂದು ಹೇಳಿದ ಕೇಂದ್ರ ಸಾರಿಗೆ ಸಚಿವಾಲಯ 2019ರಲ್ಲಿ ಆ ನಿಯಮವನ್ನು ಕೈಬಿಟ್ಟಿತು. ಹರಿಯಾಣದ ಮೇವಾತ್ ಪ್ರದೇಶದ ಬಡ ಯುವಕರ ಪರವಾಗಿ ಅಲ್ಲಿಯ ಸರ್ಕಾರ ಮಾಡಿದ ಮನವಿ ಇದಕ್ಕೆ ದಾರಿಯಾಯಿತು.

2021ರ ಜುಲೈ 1ರಿಂದ ಮಾನ್ಯತೆ ಪಡೆದ ಚಾಲಕ ತರಬೇತಿ ಕೇಂದ್ರಗಳೆಂಬ ಹೊಸ ವ್ಯವಸ್ಥೆ ಬಂದಿದೆ. ಇಲ್ಲಿ ಭಾರಿ ವಾಹನದ ತರಬೇತಿ ಆರು ವಾರಗಳಲ್ಲಿ 38 ಗಂಟೆ. ಇಲ್ಲಿ ತೇರ್ಗಡೆಯಾದವರಿಗೆ ಆರ್‌ಟಿಒ ಪರೀಕ್ಷೆಯಿಂದ ವಿನಾಯಿತಿ. 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಒಟ್ಟು ತೂಕ 7,500 ಕಿಲೋ ಮೀರದ ಸರಕು ವಾಹನವನ್ನು ಲಘು ವಾಹನದ ಲೈಸೆನ್ಸಿನಲ್ಲೇ ಓಡಿಸಬಹುದು ಎಂದು ತೀರ್ಪಿತ್ತಿತು. ಪಿಕಪ್ ಓಡಿಸುವ ಹಳ್ಳಿಯ ಹುಡುಗನಿಗೆ ಇದು ದೊಡ್ಡ ನೆಮ್ಮದಿ. ದೊಡ್ಡ ಲಾರಿಯ ಕನಸಿದ್ದವನಿಗೆ ಹಳೆಯ ಮೆಟ್ಟಿಲುಗಳು ಹಾಗೆಯೇ ಇವೆ.

ಖರ್ಚು ಯಾರ ಪಾಲಿಗೆ?

ಸರ್ಕಾರಕ್ಕೆ ಕಟ್ಟುವ ಶುಲ್ಕ ಹೆಚ್ಚೇನಲ್ಲ. 2016ರ ಡಿಸೆಂಬರಿನಲ್ಲಿ ಪರಿಷ್ಕರಿಸಿದ ದರದಂತೆ ಕಲಿಕಾ ಲೈಸೆನ್ಸಿಗೆ 150, ಚಾಲನಾ ಪರೀಕ್ಷೆಗೆ 300, ಲೈಸೆನ್ಸಿಗೆ 200 ರೂಪಾಯಿ. ನಿಜವಾದ ಖರ್ಚು ಇದರ ಹೊರಗಿದೆ. ಲಘು ವಾಹನಕ್ಕೊಮ್ಮೆ, ಭಾರಿ ವಾಹನಕ್ಕೊಮ್ಮೆ ಶಾಲೆಯ ಶುಲ್ಕ. ಭಾರಿ ವಾಹನ ಕಲಿಸುವ ಶಾಲೆಗೆ ಲಾರಿ ಬೇಕು, ಜೋಡಿ ಬ್ರೇಕಿನ ವ್ಯವಸ್ಥೆ ಬೇಕು, ಜಾಗ ಬೇಕು. ಅಂಥ ಶಾಲೆ ಊರಿಂದ ದೂರವಿದ್ದರೆ ಅಲ್ಲಿ ತಂಗುವ ಖರ್ಚು, ಅಷ್ಟು ದಿನ ತಪ್ಪಿದ ಕೂಲಿ. ಸಾಲದ ಲೆಕ್ಕವೂ ವಿಚಿತ್ರ. 2015ರ ಮುದ್ರಾ ಯೋಜನೆಯಲ್ಲಿ ಸರಕು ವಾಹನ ಕೊಳ್ಳಲು ಸಾಲ ಸಿಗುತ್ತದೆ. ವಾಹನವನ್ನು ಅಡವಿಡಬಹುದು, ವಿದ್ಯೆಯನ್ನು ಅಡವಿಡುವುದು ಹೇಗೆ?

ಸಾರ್ವಜನಿಕ ಹಣದಲ್ಲಿ ಕಲಿಸುವ ಪ್ರಯತ್ನಗಳು ಇಲ್ಲವೆಂದಲ್ಲ. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆ ಊಟ, ವಸತಿಯೊಡನೆ ಉಚಿತ ತರಬೇತಿಯ ಮಾದರಿ ಹಾಕಿಕೊಟ್ಟಿತು. ಅದೇ ಮಾದರಿಯ ಸಂಸ್ಥೆ ನಮ್ಮ ಜಿಲ್ಲೆಯ ಹಳಿಯಾಳದಲ್ಲಿದೆ. ಪರಿಶಿಷ್ಟ ಜಾತಿ, ಪಂಗಡಗಳ ಯುವಕರಿಗೆ ರಸ್ತೆ ಸಾರಿಗೆ ನಿಗಮಗಳ ಮೂಲಕ ಉಚಿತ ಚಾಲನಾ ತರಬೇತಿ ಕೊಡಿಸುವ ಯೋಜನೆಗಳು ರಾಜ್ಯದಲ್ಲಿ ನಡೆದಿವೆ. ಯಲ್ಲಾಪುರದ ಕಾಡಂಚಿನಲ್ಲಿರುವ ಸಿದ್ದಿ ಸಮುದಾಯ 2003ರಲ್ಲಿ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದ್ದರಿಂದ ಅವರ ಮಕ್ಕಳಿಗೂ ಇಂಥ ಬಾಗಿಲು ತೆರೆಯಿತು. ಪಟ್ಟಿಯ ಹೊರಗಿರುವ ಭೂಮಿಯಿಲ್ಲದ ಮನೆಯ ಹುಡುಗನಿಗೆ ಮಾತ್ರ ಇಂದಿಗೂ ಎರಡೇ ದಾರಿ. ಒಂದು ಬಡ್ಡಿಸಾಲ, ಇನ್ನೊಂದು ಕ್ಲೀನರ್ ಕೆಲಸ.

ಹೊರದೇಶಗಳಲ್ಲೂ ಈ ಪ್ರಶ್ನೆ ಇದೆ, ಉತ್ತರಗಳು ಬೇರೆ ಬೇರೆ. ಅಮೆರಿಕದ ಕೆಲವು ಸಾರಿಗೆ ಕಂಪನಿಗಳು ತರಬೇತಿಯ ಖರ್ಚು ತಾವೇ ಭರಿಸಿ, ಇಷ್ಟು ಕಾಲ ನಮ್ಮಲ್ಲೇ ದುಡಿಯಬೇಕೆಂದು ಕರಾರು ಬರೆಸಿಕೊಳ್ಳುತ್ತವೆ. ನಡುವೆ ಬಿಟ್ಟರೆ ಹಣ ಹಿಂದಿರುಗಿಸಬೇಕು. ನಮ್ಮ ಉಸ್ತಾದನ ಪದ್ಧತಿಗೆ ಕಾಗದದ ರೂಪ ಕೊಟ್ಟಂತೆ! ಜರ್ಮನಿಯಲ್ಲಿ ಲಾರಿ ಚಾಲನೆ ಮೂರು ವರ್ಷದ ಮಾನ್ಯ ಕಸುಬು ಶಿಕ್ಷಣ. ಕಲಿಯುವ ಹುಡುಗ ಕೆಲಸದ ಜಾಗದಲ್ಲೂ ಶಾಲೆಯಲ್ಲೂ ಕಲಿಯುತ್ತಾನೆ, ಆ ಅವಧಿಯಲ್ಲಿ ಅವನಿಗೆ ಭತ್ಯೆಯೂ ಸಿಗುತ್ತದೆ. ಕ್ಲೀನರ್ ಪದ್ಧತಿಯ ಒಳ್ಳೆಯ ಅಂಶವಾದ ದೀರ್ಘ ಅನುಭವವನ್ನು ಉಳಿಸಿಕೊಂಡು, ಅದರ ಜೀತವನ್ನು ತೆಗೆದುಹಾಕಿದರೆ ಹೇಗಿರುತ್ತದೆ ಎಂಬುದಕ್ಕೆ ಇದೊಂದು ನಿದರ್ಶನ.

ಈ ಸೀಮೆಗೆ ಕೂಡಿ ದುಡಿಯುವ ಪಾಠ ಹೊಸದಲ್ಲ. ಕೆನರಾ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕು 1920ರಲ್ಲಿ, ತೋಟಗಾರರ ಮಾರಾಟ ಸಂಘವಾದ ಟಿಎಸ್ಎಸ್ 1923ರಲ್ಲಿ ಹುಟ್ಟಿದವು. ಒಬ್ಬೊಬ್ಬನಿಂದ ಆಗದ್ದನ್ನು ಹತ್ತು ಜನ ಸೇರಿ ಮಾಡಬಹುದು ಎಂಬುದನ್ನು ಅಡಿಕೆ ಬೆಳೆಗಾರರು ನೂರು ವರ್ಷದ ಹಿಂದೆಯೇ ತೋರಿಸಿಕೊಟ್ಟರು. ಅಡಿಕೆ ಮೂಟೆಯನ್ನು ಪೇಟೆಗೆ ಮುಟ್ಟಿಸುವ ಚಾಲಕನ ಕಲಿಕೆಗೂ ಅದೇ ಬುದ್ಧಿ ಅನ್ವಯಿಸಬಾರದೇಕೆ? ಸರಕು ಕಳುಹಿಸುವವರು, ಲಾರಿ ಇಟ್ಟವರು, ಸರ್ಕಾರ ಮೂವರೂ ಪಾಲು ಹಾಕಿದರೆ ಹುಡುಗನ ಹೆಗಲ ಭಾರ ಇಳಿದೀತು. ಆಗ ಕ್ಲೀನರಾಗಿ ಕಳೆದ ವರ್ಷಗಳೂ ಕಲಿಕೆಯ ಲೆಕ್ಕಕ್ಕೆ ಸೇರಬೇಕು. ವಿದ್ಯೆಗೆ ಬೆಲೆ ಇದ್ದೇ ಇದೆ. ಅದನ್ನು ಇಷ್ಟು ಕಾಲ ತೆತ್ತವರು ತೀರ ಬಡವರು ಎಂಬುದನ್ನು ನಾವು ಮರೆಯುವಂತಿಲ್ಲ.