ಖರೀದಿಗೆ ಮುನ್ನ ಪರೀಕ್ಷೆಗಾಗಿ ನಕಲಿ ತಂತ್ರಾಂಶದ ಬಳಕೆ

ಖರೀದಿಗೆ ಮುನ್ನ ಪರೀಕ್ಷೆಗಾಗಿ ನಕಲಿ ತಂತ್ರಾಂಶದ ಬಳಕೆ ಎಂದರೆ, ತಂತ್ರಾಂಶವೊಂದು ತನ್ನ ಕೆಲಸಕ್ಕೆ ಒದಗುವುದೇ ಎಂದು ತಿಳಿಯಲು ಅದರ ಪರವಾನಗಿಯಿಲ್ಲದ ಪ್ರತಿಯನ್ನು ಗಣಕಯಂತ್ರದಲ್ಲಿ ಅಳವಡಿಸಿ ನೋಡುವುದು. ಇದು ತಂತ್ರಾಂಶ ಪೈರಸಿಯ ಒಂದು ರೂಪ. ಮುಂದೆ ಕೊಳ್ಳುವ ಉದ್ದೇಶವಿದ್ದರೆ ಈ ಬಳಕೆ ನ್ಯಾಯಸಮ್ಮತವೇ ಎಂಬುದು ಕೃತಿಸ್ವಾಮ್ಯ ಮತ್ತು ಗಣಕ ನೀತಿಶಾಸ್ತ್ರಗಳ ಚರ್ಚಾವಿಷಯವಾಗಿದೆ.

ಹಿನ್ನೆಲೆ

ಪುಸ್ತಕವನ್ನು ಅಂಗಡಿಯಲ್ಲಿಯೇ ತಿರುವಿ ನೋಡಬಹುದು. ಭತ್ತದ ವ್ಯಾಪಾರಿ ಚೀಲದಿಂದ ಒಂದು ಹಿಡಿ ತೆಗೆದು ಕಾಳು ನೋಡಿ ದರ ಹೇಳುತ್ತಾನೆ. ತಂತ್ರಾಂಶದ ಗುಣ ಮಾತ್ರ ಅದರಲ್ಲಿ ಕೆಲವು ದಿನ ಕೆಲಸ ಮಾಡಿದ ಮೇಲೆಯೇ ತಿಳಿಯುತ್ತದೆ. ಗಂಗಾವತಿಯ ಅಕ್ಕಿ ಗಿರಣಿಗಳಂತಹ ಉದ್ಯಮಗಳಿಗೆ ಲೆಕ್ಕಪತ್ರದ ತಂತ್ರಾಂಶ ಬೇಕು. ಕೊಪ್ಪಳ, ಕುಷ್ಟಗಿ, ಯಲಬುರ್ಗಾಗಳಂತಹ ಊರುಗಳಲ್ಲಿ ಲಗ್ನಪತ್ರಿಕೆ, ಕರಪತ್ರ ಸಿದ್ಧಪಡಿಸುವ ಡಿಟಿಪಿ ಅಂಗಡಿಗೆ ಕನ್ನಡ ಅಕ್ಷರವಿನ್ಯಾಸದ ತಂತ್ರಾಂಶ ಬೇಕು. ಸಣ್ಣ ಬಂಡವಾಳದವನಿಗೆ ಒಂದು ತಪ್ಪು ಖರೀದಿಯೂ ದೊಡ್ಡ ನಷ್ಟವೇ. ಈ ವಿಷಯದ ನೈತಿಕ ತೊಡಕು ಹುಟ್ಟುವುದು ಇಲ್ಲಿಯೇ.

ಪರ ಮತ್ತು ವಿರೋಧ ವಾದಗಳು

ಸಮರ್ಥಿಸುವವರ ಪ್ರಕಾರ ನಕಲಿನಿಂದ ಮೂಲಪ್ರತಿ ಕಡಿಮೆಯಾಗುವುದಿಲ್ಲ. ಪರೀಕ್ಷಿಸಿ ಮೆಚ್ಚಿದವನು ಕೊಂಡರೆ ತಯಾರಕನಿಗೇ ಲಾಭ. ಒಮ್ಮೆ ಕೊಂಡ ತಂತ್ರಾಂಶವನ್ನು ಹಿಂದಿರುಗಿಸುವುದು ಸುಲಭವಲ್ಲ.

ವಿರೋಧಿಸುವವರ ಪ್ರಕಾರ ಮಾದರಿ ತೋರಿಸುವ ಹಕ್ಕು ಮಾಲೀಕನದು. ಭತ್ತದ ಚೀಲವನ್ನು ಬಿಚ್ಚಿ ಹಿಡಿ ಕಾಳು ಕೊಡುವವನು ರೈತನೇ. ಆತನಿಲ್ಲದಾಗ ಚೀಲ ಬಿಚ್ಚುವುದು ಬೇರೆಯ ಮಾತು. ಅಲ್ಲದೆ ನಕಲಿ ಪ್ರತಿ ಹಿಡಿ ಕಾಳಲ್ಲ, ಇಡೀ ಚೀಲ. ಪೂರ್ಣ ತಂತ್ರಾಂಶ ಕೈಯಲ್ಲಿರುವಾಗ ಕೊಳ್ಳುವ ಸಂಕಲ್ಪ ದಿನದಿಂದ ದಿನಕ್ಕೆ ಮುಂದೆ ಹೋಗುತ್ತದೆ. ಬೀಗ ಮುರಿದ ಪ್ರತಿಗಳೊಡನೆ ವೈರಸ್‌ಗಳು ಸೇರಿ ಬಂದರೆ ಗ್ರಾಹಕರ ಮಾಹಿತಿಗೂ ಅಪಾಯವುಂಟು.

ಕಾನೂನು

ಭಾರತದ ಕೃತಿಸ್ವಾಮ್ಯ ಕಾಯಿದೆ, 1957ರಲ್ಲಿ ಗಣಕ ಕ್ರಮವಿಧಿಯು ಸಾಹಿತ್ಯಕೃತಿಯ ವ್ಯಾಖ್ಯೆಯೊಳಗೆ ಬರುತ್ತದೆ. ಕಾಯಿದೆಯ 52ನೆಯ ಕಲಮು ತಂತ್ರಾಂಶದ ತತ್ತ್ವಗಳನ್ನು ಅರಿಯಲು ಅದರ ಕಾರ್ಯವನ್ನು ಗಮನಿಸಿ, ಅಭ್ಯಸಿಸಿ, ಪರೀಕ್ಷಿಸಲು ಅವಕಾಶ ನೀಡುತ್ತದೆ. ವಾಣಿಜ್ಯೇತರ ಸ್ವಂತ ಬಳಕೆಗೆ ಪ್ರತಿ ಮಾಡಿಕೊಳ್ಳಲೂ ಅವಕಾಶವಿದೆ. ಆದರೆ ಅದಕ್ಕೆ ಮೂಲಪ್ರತಿ ಕಾನೂನುಬದ್ಧವಾಗಿ ಪಡೆದದ್ದಾಗಿರಬೇಕು. ತಿಳಿದೂ ನಕಲಿ ತಂತ್ರಾಂಶ ಬಳಸಿದರೆ 63ಬಿ ಕಲಮಿನಂತೆ 7 ದಿನಗಳಿಂದ 3 ವರ್ಷಗಳವರೆಗೆ ಸೆರೆವಾಸ ಮತ್ತು 50,000 ರೂಪಾಯಿಗಳಿಂದ 2 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದು. ಲಾಭಕ್ಕಾಗಿ ಅಥವಾ ವ್ಯಾಪಾರಕ್ಕಾಗಿ ಬಳಸಿಲ್ಲವಾದರೆ, ವಿಶೇಷ ಕಾರಣಗಳನ್ನು ತೀರ್ಪಿನಲ್ಲಿ ದಾಖಲಿಸಿ, ನ್ಯಾಯಾಲಯವು ಸೆರೆವಾಸವನ್ನು ಕೈಬಿಟ್ಟು 50,000 ರೂಪಾಯಿಗಳವರೆಗೆ ದಂಡವನ್ನಷ್ಟೇ ವಿಧಿಸಬಹುದು.

ಇದೇ ವಾದ ಸಂಗೀತದ ವಿಷಯದಲ್ಲಿಯೂ ಕೇಳಿಬಂದಿದೆ. ಕೊಳ್ಳುವ ಮೊದಲು ಕೇಳಿ ನೋಡಲು ಹಾಡುಗಳನ್ನು ಇಳಿಸಿಕೊಂಡೆನೆಂಬ ಸಮಜಾಯಿಷಿಯನ್ನು ಅಮೆರಿಕದ ಏಳನೆಯ ವಲಯದ ಮೇಲ್ಮನವಿ ನ್ಯಾಯಾಲಯ 2005ರಲ್ಲಿ ಒಪ್ಪಲಿಲ್ಲ. ಕೊಳ್ಳದೆ ಉಳಿಸಿಕೊಂಡಿದ್ದ 30 ಹಾಡುಗಳಿಗೆ 22,500 ಡಾಲರ್ ಪರಿಹಾರ ತೆರಬೇಕಾಯಿತು.

ಕರ್ನಾಟಕದಲ್ಲಿ ಪರ್ಯಾಯಗಳು

ತಯಾರಕರೇ ಪರೀಕ್ಷೆಗೆ ದಾರಿ ಮಾಡಿಕೊಟ್ಟಿದ್ದರೆ ನಕಲಿನ ಸಮರ್ಥನೆ ದುರ್ಬಲವಾಗುತ್ತದೆ. ಬೆಂಗಳೂರು ಮೂಲದ ಟ್ಯಾಲಿ ಲೆಕ್ಕಪತ್ರ ತಂತ್ರಾಂಶಕ್ಕೆ ಶೈಕ್ಷಣಿಕ ವಿಧಾನವೊಂದಿದೆ. ಅದರಲ್ಲಿ ತಿಂಗಳ ಕೆಲವು ನಿಗದಿತ ದಿನಾಂಕಗಳಿಗೆ ಮಾತ್ರ ವ್ಯವಹಾರ ದಾಖಲಿಸಬಹುದು. ಕಲಿಯಲು ಇದು ಸಾಲುತ್ತದೆ, ಅಂಗಡಿಯ ಲೆಕ್ಕ ನಡೆಸಲು ಸಾಲದು. ಕನ್ನಡ ಬರವಣಿಗೆಗೆ ಕೆ. ಪಿ. ರಾವ್ ಅವರು ತಮ್ಮ 'ಸೇಡಿಯಾಪು' ತಂತ್ರಾಂಶವನ್ನು ಉಚಿತವಾಗಿ ಹಂಚಿದರು. ಕನ್ನಡ ಗಣಕ ಪರಿಷತ್ತು ರಾಜ್ಯ ಸರ್ಕಾರದ ನೆರವಿನಿಂದ ರೂಪಿಸಿದ 'ನುಡಿ' ಉಚಿತವಾಗಿ ದೊರೆಯುತ್ತದೆ. ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ 'ಬರಹ' ಮೊದಲು ಉಚಿತವಾಗಿದ್ದು, ನಂತರದ ಆವೃತ್ತಿಗಳಿಗೆ ಬೆಲೆ ನಿಗದಿಯಾಯಿತು. ಕಚೇರಿ ಕೆಲಸಕ್ಕೆ ಲಿಬ್ರೆಆಫೀಸ್, ಚಿತ್ರಸಂಸ್ಕರಣೆಗೆ ಗಿಂಪ್‌ನಂತಹ ಮುಕ್ತ ತಂತ್ರಾಂಶಗಳನ್ನು ಬಳಸಲು, ನಕಲಿಸಲು, ಹಂಚಲು ಅವುಗಳ ಪರವಾನಗಿಯೇ ಅನುಮತಿ ನೀಡುತ್ತದೆ.

ಪರೀಕ್ಷೆ ಮತ್ತು ಬಳಕೆಯ ಗಡಿ

ಪರೀಕ್ಷೆಗೆ ಒಂದು ಕೊನೆಯ ದಿನವಿರುತ್ತದೆ, ಬಳಕೆಗೆ ಅದಿರುವುದಿಲ್ಲ. ಗಡಿ ಗುರುತಿಸಲು ನಾಲ್ಕು ಪ್ರಶ್ನೆಗಳು ನೆರವಾಗುತ್ತವೆ: ತಯಾರಕರ ಪರೀಕ್ಷಾ ಆವೃತ್ತಿ ಲಭ್ಯವಿದೆಯೇ? ಮಾರಾಟಗಾರರಿಂದ ಪ್ರಾತ್ಯಕ್ಷಿಕೆ ಕೇಳಲಾಗಿದೆಯೇ? ಉಚಿತ ಪರ್ಯಾಯವನ್ನು ನೋಡಲಾಗಿದೆಯೇ? ಆ ಪ್ರತಿಯಿಂದ ಗ್ರಾಹಕರ ಕೆಲಸ ಮಾಡಿ ಹಣ ಪಡೆಯಲಾಗಿದೆಯೇ? ನಕಲಿ ಪ್ರತಿಯಲ್ಲಿ ಸಿದ್ಧವಾದ ಮೊದಲ ಲಗ್ನಪತ್ರಿಕೆಗೆ ಕೂಲಿ ಪಡೆದ ಕ್ಷಣದಲ್ಲಿ, ಕೊಳ್ಳುವ ಉದ್ದೇಶ ಎಷ್ಟೇ ಪ್ರಾಮಾಣಿಕವಾಗಿದ್ದರೂ, ಪರೀಕ್ಷೆ ಮುಗಿದು ವ್ಯಾಪಾರ ಆರಂಭವಾಗಿರುತ್ತದೆ. ಕಾನೂನಿನ ದೃಷ್ಟಿಯಲ್ಲಿ ಪರವಾನಗಿಯಿಲ್ಲದ ಪ್ರತಿಯು ಅದಕ್ಕೂ ಮೊದಲೇ ದೋಷಯುಕ್ತ.