ಕಳಿಯೋಗದಿಂದ ನಗರರಂಗಕ್ಕೆ: ಕೊಚ್ಚಿ, ತಿರುವನಂತಪುರಗಳ ಕಥಕಳಿ ಮೇಳಗಳು

ಕಥಕಳಿಯನ್ನು ಕುರಿತು ಬರೆದವರಲ್ಲಿ ಬಹುಮಂದಿ ಅದರ ವೇಷ, ಮುದ್ರೆ, ಸಾಹಿತ್ಯಗಳನ್ನು ವಿವರಿಸಿದ್ದಾರೆ. ಆ ಕಲೆಯನ್ನು ಊರಿಂದೂರಿಗೆ ಹೊತ್ತು ತಿರುಗಿದ ಮೇಳದ ವಿಷಯವಾಗಿ ದೊರೆಯುವ ವಿಚಾರ ಅಷ್ಟಿಲ್ಲ. ಮಲೆಯಾಳದಲ್ಲಿ ಇಂಥ ಮೇಳಕ್ಕೆ ‘ಕಳಿಯೋಗ’ವೆಂದು ಹೆಸರು. ನಟರು, ಮುಖ್ಯ ಗಾಯಕನಾದ ‘ಪೊನ್ನಾನಿ’, ಅವನಿಗೆ ದನಿಗೂಡಿಸುವ ‘ಶಿಂಕಿಡಿ’, ಚೆಂಡೆ ಮದ್ದಳೆಯವರು, ಅಕ್ಕಿಹಿಟ್ಟು ಸುಣ್ಣಗಳಿಂದ ಮುಖಕ್ಕೆ ‘ಚುಟ್ಟಿ’ ಕಟ್ಟುವವರು, ವೇಷದ ಪೆಟ್ಟಿಗೆಗಳನ್ನು ನೋಡಿಕೊಳ್ಳುವವರು, ಇವರೆಲ್ಲರೂ ಸೇರಿ ಒಂದು ಯೋಗವಾಗುತ್ತಿತ್ತು. ಅದನ್ನು ಸಾಕುವುದು ಅರಸುಮನೆಗೋ ದೊಡ್ಡ ಜಮೀನ್ದಾರ ಮನೆತನಕ್ಕೋ ಸೇರಿದ ಕೆಲಸ. ಈ ಆಶ್ರಯವು ತಪ್ಪಿದ ಮೇಲೆ ಕಥಕಳಿಯು ಹೇಗೆ ಉಳಿಯಿತು, ಉಳಿಯುವುದಕ್ಕಾಗಿ ಏನನ್ನು ಬಿಟ್ಟುಕೊಟ್ಟಿತು ಎಂಬ ಪ್ರಶ್ನೆಗೆ ಎರಡು ಹಳೆಯ ರಾಜಧಾನಿಗಳ ಚರಿತ್ರೆಯಿಂದ ಉತ್ತರ ದೊರೆಯುವಂತಿದೆ.

ಕಥಕಳಿಯ ಹುಟ್ಟೇ ಒಂದು ಮೇಳದ ಜಗಳದಿಂದ ಎಂದು ಐತಿಹ್ಯ ಹೇಳುತ್ತದೆ. ಕಲ್ಲಿಕೋಟೆಯ ಸಾಮೂದಿರಿ ಮನೆತನದ ಮಾನವೇದನು 1654ರಲ್ಲಿ ‘ಕೃಷ್ಣಗೀತಿ’ಯನ್ನು ರಚಿಸಿ ಕೃಷ್ಣಾಟ್ಟಕ್ಕೆ ತಳಹದಿ ಹಾಕಿದನು. ಆ ಮೇಳವನ್ನು ತನ್ನಲ್ಲಿಗೆ ಕಳುಹಿಸಬೇಕೆಂದು ಕೊಟ್ಟಾರಕ್ಕರದ ತಂಬುರಾನ್ ಕೇಳಿಕೊಂಡಾಗ, ದಕ್ಷಿಣದವರಿಗೆ ಅದನ್ನು ಆಸ್ವಾದಿಸುವ ಯೋಗ್ಯತೆಯಿಲ್ಲವೆಂಬ ಉತ್ತರ ಬಂದಿತಂತೆ. ಅವಮಾನಗೊಂಡ ತಂಬುರಾನ್ ತಾನೇ ರಾಮಕಥೆಯನ್ನು ಎಂಟು ದಿನದ ಆಟವಾಗಿ ಕಟ್ಟಿದನು, ಅದೇ ರಾಮನಾಟ್ಟ. ಕಾಲನಿರ್ಣಯದ ತೊಡಕುಗಳಿಂದಾಗಿ ಈ ಕಥೆಯನ್ನು ಇತಿಹಾಸವೆಂದು ಒಪ್ಪುವುದು ಕಷ್ಟ. ಆದರೂ ಮೇಳವನ್ನು ಬೇರೆ ನಾಡಿಗೆ ಕಳುಹಿಸುವುದು, ಕಳುಹಿಸದಿರುವುದು ಅರಸರ ಪ್ರತಿಷ್ಠೆಯ ಮಾತಾಗಿತ್ತು ಎಂಬುದನ್ನು ಅದು ಚೆನ್ನಾಗಿ ತೋರಿಸುತ್ತದೆ.

ತಿರುವಾಂಕೂರಿನ ಅರಸರಲ್ಲಿ ಈ ಪ್ರತಿಷ್ಠೆ ಪಾಂಡಿತ್ಯದ ರೂಪವನ್ನು ತಾಳಿತು. 1758ರಿಂದ 1798ರವರೆಗೆ ಆಳಿದ ಕಾರ್ತಿಕ ತಿರುನಾಳ್ ರಾಮವರ್ಮನು ‘ನರಕಾಸುರವಧ’ ಮೊದಲಾದ ಆಟ್ಟಕ್ಕಥೆಗಳನ್ನಲ್ಲದೆ ‘ಬಾಲರಾಮಭರತ’ವೆಂಬ ನಾಟ್ಯಶಾಸ್ತ್ರಗ್ರಂಥವನ್ನೂ ಬರೆದನು. ಅವನ ಸೋದರಳಿಯ ಅಶ್ವತಿ ತಿರುನಾಳನು ‘ರುಕ್ಮಿಣೀಸ್ವಯಂವರ’, ‘ಅಂಬರೀಷಚರಿತ’ಗಳನ್ನು ರಚಿಸಿದನು. ಮುಂದಿನ ತಲೆಮಾರಿನಲ್ಲಿ ಇರಯಿಮ್ಮನ್ ತಂಪಿಯ ‘ಕೀಚಕವಧ’, ‘ಉತ್ತರಾಸ್ವಯಂವರ’, ‘ದಕ್ಷಯಾಗ’ಗಳು ಬಂದುವು. ಅರಮನೆಗೆ ತನ್ನದೇ ಕಳಿಯೋಗವಿತ್ತು. ಶ್ರೀ ಪದ್ಮನಾಭಸ್ವಾಮಿ ದೇವಾಲಯದ ಮೂಡಣ ಗೋಪುರದ ನಾಟಕಶಾಲೆಯಲ್ಲಿ, ವರ್ಷಕ್ಕೆರಡು ಬಾರಿ ನಡೆಯುವ ಉತ್ಸವಗಳ ರಾತ್ರಿಗಳಂದು ಆಟ ನಡೆಯುತ್ತಿತ್ತು. ಕೊಚ್ಚಿ ಅರಸರ ನೆಲೆಯಾಗಿದ್ದ ತೃಪ್ಪೂಣಿತ್ತುರದಲ್ಲಿ ಈ ಸ್ಥಾನ ಪೂರ್ಣತ್ರಯೀಶ ದೇವಾಲಯಕ್ಕೆ ಸಂದಿತು. ಅಲ್ಲಿನ ಎಂಟು ದಿನಗಳ ವೃಶ್ಚಿಕೋತ್ಸವದಲ್ಲಿ ಕಥಕಳಿಯು ಇಂದಿಗೂ ಮುಖ್ಯಾಂಗವಾಗಿದೆ.

ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಕಥಕಳಿಯ ನಟನು ಮಾತನಾಡುವುದಿಲ್ಲ. ಪದವನ್ನು ಹಿಂದೆ ನಿಂತ ಗಾಯಕರು ಹಾಡುತ್ತಾರೆ. ನಟನು ‘ಹಸ್ತಲಕ್ಷಣದೀಪಿಕೆ’ಯಲ್ಲಿ ಹೇಳಿದ 24 ಮುದ್ರೆಗಳಿಂದ, ಕಣ್ಣು ಹುಬ್ಬುಗಳಿಂದ ಅರ್ಥವನ್ನು ಬಿಡಿಸುತ್ತಾನೆ. ಪದವಿಲ್ಲದ ಕಡೆಯಲ್ಲಿಯೂ ಅವನಿಗೆ ಸ್ವಾತಂತ್ರ್ಯವುಂಟು. ‘ಕಲ್ಯಾಣಸೌಗಂಧಿಕ’ದ ಭೀಮನು ಕಾಡಿನಲ್ಲಿ ಆನೆಯ ಕಾಲನ್ನು ಹೆಬ್ಬಾವು ನುಂಗುವುದನ್ನೂ ಅದರ ಮೇಲೆ ಸಿಂಹವು ಎರಗುವುದನ್ನೂ ಒಬ್ಬನೇ ಆಡಿ ತೋರಿಸುತ್ತಾನೆ. ಇದನ್ನು ಸವಿಯಬೇಕಾದರೆ ನೋಡುವವನಿಗೆ ಮುದ್ರೆಯ ಭಾಷೆ ಬರಬೇಕು, ರಾತ್ರಿಯೆಲ್ಲ ಕೂರುವ ತಾಳ್ಮೆಯೂ ಬೇಕು. ಆದುದರಿಂದ ಉತ್ಸವಗಳು ಆಟವನ್ನು ನಡೆಸಿದುದಷ್ಟೇ ಅಲ್ಲ, ವರ್ಷ ವರ್ಷವೂ ಅದೇ ಜನರನ್ನು ಅದೇ ಅಂಗಳದಲ್ಲಿ ಕೂರಿಸಿ ಪ್ರೇಕ್ಷಕರನ್ನೂ ತಯಾರುಮಾಡಿದುವು. ಪ್ರೇಕ್ಷಕರು ಕಳಿಯೋಗದ ಲೆಕ್ಕಕ್ಕೆ ಸೇರದ, ಆದರೆ ಅದಕ್ಕೆ ಅತ್ಯವಶ್ಯವಾದ ಅಂಗವಾಗಿದ್ದರು.

ಇಪ್ಪತ್ತನೆಯ ಶತಮಾನದ ಆರಂಭಕ್ಕೆ ಈ ವ್ಯವಸ್ಥೆ ಸಡಿಲಗೊಂಡಿತ್ತು. ಆಗ ಮಹಾಕವಿ ವಳ್ಳತ್ತೋಳ್ ನಾರಾಯಣ ಮೇನೋನರು ಮುಕುಂದರಾಜರೊಡಗೂಡಿ, ಲಾಟರಿಯ ಮೂಲಕ ಹಣ ಕೂಡಿಸಿ, 1930ರಲ್ಲಿ ಕೇರಳ ಕಲಾಮಂಡಲವನ್ನು ಆರಂಭಿಸಿದರು. ಅದು ನೆಲೆನಿಂತ ಚೆರುತುರುತ್ತಿ ಆಗ ಕೊಚ್ಚಿ ಸಂಸ್ಥಾನಕ್ಕೆ ಸೇರಿತ್ತು. 1941ರಲ್ಲಿ ಆ ಸರಕಾರವೇ ಸಂಸ್ಥೆಯನ್ನು ವಹಿಸಿಕೊಂಡಿತು. ಪಟ್ಟಿಕ್ಕಾಂತೊಡಿ ರಾವುಣ್ಣಿ ಮೇನೋನರಂಥ ಆಶಾನರು, ಎಂದರೆ ಗುರುಗಳು, ಮನೆತನದ ಕಳರಿಯಿಂದ ಬಂದು ಇಲ್ಲಿ ಪಾಠ ಹೇಳಿದರು. ಹೀಗೆ ಕಳಿಯೋಗದ ಶಿಕ್ಷಣಭಾಗವು ಶಾಲೆಗೆ ಸಂದಿತು. ಮುಂದೆ 1949ರಲ್ಲಿ ಎರಡು ಸಂಸ್ಥಾನಗಳು ಒಂದಾದುವು. 1970ರಿಂದ ಜಾರಿಗೆ ಬಂದ ಭೂಸುಧಾರಣೆಯಿಂದ ಮನೆತನಗಳ ಆದಾಯವೂ ಹೋಯಿತು. ಆ ಹೊತ್ತಿಗೆ ಶಾಲೆಯು ಬೇರುಬಿಟ್ಟಿದ್ದುದರಿಂದ ವಿದ್ಯೆ ಉಳಿಯಿತು. ಆದರೆ ಶಾಲೆಯು ನಟರನ್ನು ತಯಾರಿಸಬಲ್ಲುದೇ ಹೊರತು ಪ್ರೇಕ್ಷಕರನ್ನಲ್ಲ.

ಈ ಕೊರತೆಗೆ ದೊರೆತ ಮೊದಲ ಉತ್ತರ ಗುರು ಗೋಪಿನಾಥರದು. 1908ರಲ್ಲಿ ಕುಟ್ಟನಾಡಿನ ಚಂಪಕ್ಕುಳದಲ್ಲಿ ಹುಟ್ಟಿದ ಅವರು ಸಾಂಪ್ರದಾಯಿಕ ಕಥಕಳಿಯನ್ನು ಕಲಿತು, 1930ರ ದಶಕದಲ್ಲಿ ಅಮೆರಿಕದ ನರ್ತಕಿ ರಾಗಿಣಿದೇವಿಯ ಜೊತೆ ಭಾರತದ ನಗರಗಳಲ್ಲಿ ಪ್ರದರ್ಶನಗಳನ್ನಿತ್ತರು. ಮುದ್ರೆಯನ್ನರಿಯದ ಸಭೆಗಾಗಿ ಆಟವನ್ನು ಚಿಕ್ಕದು ಮಾಡಬೇಕಾಯಿತು, ವೇಷದ ಭಾರವನ್ನು ಇಳಿಸಬೇಕಾಯಿತು. ಬಳಿಕ ಅವರು ತಿರುವಾಂಕೂರಿನ ಅರಮನೆಯ ನರ್ತಕರಾಗಿ ತಿರುವನಂತಪುರದಲ್ಲಿ ನೆಲೆಸಿದರು. ಕಲಾಮಂಡಲದಲ್ಲಿ ಮೋಹಿನಿಯಾಟ್ಟವನ್ನು ಕಲಿತಿದ್ದ ಪತ್ನಿ ತಂಗಮಣಿಯವರೊಡನೆ ಶಿಷ್ಯರನ್ನು ತಯಾರಿಸಿದರು. ಅವರ ಪದ್ಧತಿ ಮುಂದೆ ‘ಕೇರಳನಟನ’ವೆಂದು ಹೆಸರಾಯಿತು. ಇದು ಕಥಕಳಿಯಲ್ಲವೆಂದು ಆಕ್ಷೇಪಿಸುವುದು ಸುಲಭ. ಆದರೆ ಕಥಕಳಿಯನ್ನು ಕಣ್ಣಾರೆ ಕಾಣದ ಸಾವಿರಾರು ಜನರು ಅದರ ಒಂದು ಛಾಯೆಯನ್ನಾದರೂ ಕಂಡುದು ಇವರಿಂದಲೇ ಎಂಬುದನ್ನು ಮರೆಯಲಾಗದು. 1987ರ ಅಕ್ಟೋಬರಿನಲ್ಲಿ ಎರ್ನಾಕುಳದ ರಂಗದ ಮೇಲೆ, ರಾಮಾಯಣ ನೃತ್ಯನಾಟಕದ ದಶರಥನ ಪಾತ್ರದಲ್ಲಿದ್ದಾಗಲೇ ಅವರು ಕುಸಿದು ತೀರಿಕೊಂಡರು.

ಎರಡನೆಯ ಉತ್ತರ ತೃಪ್ಪೂಣಿತ್ತುರದ್ದು. ಕಥಕಳಿಯಲ್ಲಿ ಸ್ತ್ರೀವೇಷವನ್ನೂ ಗಂಡಸರೇ ಧರಿಸುವುದು ರೂಢಿ. ಚವರ ಪಾರುಕುಟ್ಟಿಯವರಂಥ ಕೆಲವರು ಒಬ್ಬೊಬ್ಬರಾಗಿ ಈ ಕಟ್ಟನ್ನು ಮೀರಿದ್ದುಂಟು. 1975ರಲ್ಲಿ ತೃಪ್ಪೂಣಿತ್ತುರದಲ್ಲಿ ಹೆಂಗಸರದೇ ಒಂದು ವನಿತಾ ಕಥಕಳಿ ಸಂಘ ಏರ್ಪಟ್ಟಿತು. ಕಿರೀಟವನ್ನೂ ನೆರಿಗೆಯ ಭಾರವನ್ನೂ ಹೊತ್ತು ಭೀಮ ರಾವಣರ ವೇಷವನ್ನೂ ಅವರೇ ಕಟ್ಟಿದರು. 2016ನೆಯ ಸಾಲಿನ ನಾರೀಶಕ್ತಿ ಪುರಸ್ಕಾರ ಈ ಸಂಘಕ್ಕೆ ಸಂದಿತು. ಉತ್ಸವದ ಅಂಗಳದಲ್ಲಿ ಪ್ರೇಕ್ಷಕರಾಗಿಯೇ ಆಟವನ್ನರಿತಿದ್ದ ವರ್ಗವು ತಾನೇ ಮೇಳವಾದುದು ಇಲ್ಲಿನ ವಿಶೇಷ.

ಮೂರನೆಯ ಮಾರ್ಗವು ಇದಕ್ಕೆ ತೀರ ವಿರುದ್ಧವಾದುದು. ಕೊಚ್ಚಿಯ ಬಂದರು ಪ್ರದೇಶದಲ್ಲಿ ಪ್ರವಾಸಿಗರಿಗಾಗಿ ಸಂಜೆಯ ಪ್ರದರ್ಶನಗಳು ನಡೆಯುತ್ತವೆ. ನಟರು ಬಣ್ಣ ಹಚ್ಚಿಕೊಳ್ಳುವುದನ್ನು ಮೊದಲು ತೋರಿಸಿ, ನವರಸಗಳನ್ನೂ ಕೆಲವು ಮುದ್ರೆಗಳನ್ನೂ ವಿವರಿಸಿ, ಒಂದು ಪ್ರಸಂಗದ ತುಣುಕನ್ನು ಆಡುತ್ತಾರೆ. ಹಿಂದೆ ‘ಅಣಿಯರ’ದ, ಎಂದರೆ ಚೌಕಿಯ, ಒಳಗೆ ನಡೆಯುತ್ತಿದ್ದುದು ರಂಗಕ್ಕೆ ಬಂದಿತು, ರಾತ್ರಿಯೆಲ್ಲ ರಂಗದ ಮೇಲಿದ್ದುದು ಹೊರಗುಳಿಯಿತು. ಇದರಿಂದ ಕಲಾವಿದರಿಗೆ ನಿತ್ಯದ ಸಂಪಾದನೆ ದೊರೆತಿದೆಯೆಂಬುದು ಸಣ್ಣ ಮಾತಲ್ಲ. ಆದರೆ ಪ್ರತಿದಿನವೂ ಹೊಸಬರೇ ಬರುವ ಸಭೆಯ ಮುಂದೆ ನಟನ ಮನೋಧರ್ಮಕ್ಕೆ ಎಡೆ ಕಡಿಮೆ. ನಿನ್ನೆಯ ಭೀಮನಿಗೂ ಇಂದಿನ ಭೀಮನಿಗೂ ಇರುವ ವ್ಯತ್ಯಾಸವನ್ನು ಹೇಳುವವರು ಅಲ್ಲಿಲ್ಲ. ತಿರುವನಂತಪುರದಲ್ಲಿ ಡಿ. ಅಪ್ಪುಕುಟ್ಟನ್ ನಾಯರು ಸ್ಥಾಪಿಸಿದ ‘ಮಾರ್ಗಿ’ ಸಂಸ್ಥೆಯು ಇದಕ್ಕೆ ಪ್ರತಿಯಾಗಿ ನಿಂತಿತು. ಸಭೆ ಚಿಕ್ಕದಾದರೂ ಆಟ ಕುಗ್ಗಬಾರದೆಂಬುದು ಅವರ ನಿಲುವು.

ಕನ್ನಡಿಗರಿಗೆ ಈ ಚರಿತ್ರೆ ಪರರ ಕಥೆಯಲ್ಲ. ಕುಂಬಳೆ ಸೀಮೆಯ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳಿಗೂ ಕೊಟ್ಟಾರಕ್ಕರದ ರಾಮನಾಟ್ಟಕ್ಕೂ ಇರುವ ಸಾಮ್ಯವನ್ನು ಮುಳಿಯ ತಿಮ್ಮಪ್ಪಯ್ಯನವರ ಕಾಲದಿಂದಲೂ ವಿದ್ವಾಂಸರು ಚರ್ಚಿಸುತ್ತ ಬಂದಿದ್ದಾರೆ. ಯಾರಿಂದ ಯಾರು ಪಡೆದರೆಂಬ ವಿವಾದ ಮುಗಿದಿಲ್ಲ. ಚೆಂಡೆ ಮದ್ದಳೆ, ತೆರೆ, ರಾತ್ರಿಯಿಡೀ ನಡೆಯುವ ಆಟ, ಇವು ಎರಡಕ್ಕೂ ಸಮಾನ. ತೆಂಕುತಿಟ್ಟಿನ ವೇಷಧಾರಿಗೆ ಮಾತಿನ ಬಲವುಂಟಾದುದರಿಂದ ಅವನು ಹೊಸ ಸಭೆಯನ್ನು ಬೇಗ ಒಲಿಸಿಕೊಳ್ಳಬಲ್ಲನು. ಕಥಕಳಿಯ ನಟನಿಗೆ ಆ ಅನುಕೂಲವಿಲ್ಲ. ಯಕ್ಷಗಾನದ ಹಲವು ಮೇಳಗಳೂ ಈಚಿನ ವರ್ಷಗಳಲ್ಲಿ ಕಾಲಮಿತಿಯ ಆಟಕ್ಕೆ ತಿರುಗಿರುವಾಗ ಕೊಚ್ಚಿ, ತಿರುವನಂತಪುರಗಳ ಅನುಭವವನ್ನು ತೂಗಿ ನೋಡುವುದು ಉಚಿತ. ಅರಸನು ಹೋದರೆ ಸರಕಾರವೋ ಸಂಘವೋ ಬರಬಹುದು, ಕಳರಿ ಹೋದರೆ ಶಾಲೆ ಬರಬಹುದು. ಆಟವನ್ನು ಬಲ್ಲ ಪ್ರೇಕ್ಷಕನು ಹೋದರೆ ಅವನ ಸ್ಥಳದಲ್ಲಿ ಕೂರಿಸಲು ಯಾರೂ ಇಲ್ಲ. ತೃಪ್ಪೂಣಿತ್ತುರದ ಅಂಗಳದಲ್ಲಿ ಬೆಳಗಿನ ಜಾವದವರೆಗೆ ಎದ್ದು ಹೋಗದೆ ಕುಳಿತಿರುವ ಜನರೇ ಆ ಮೇಳಗಳಿಗೆ ಉಳಿದಿರುವ ದೊಡ್ಡ ಆಸ್ತಿ.