ಮೋಟಾರು ಕಾರಿನ ಕೂಲಂಟ್ ದ್ರವವನ್ನು ಮನೆಯಲ್ಲಿ ಬದಲಾಯಿಸುವ ವಿಧಾನ

ಸಾರ್ವಜನಿಕರ ಮಾಹಿತಿಗಾಗಿ

ಪೀಠಿಕೆ

ಎಂಜಿನ್‌ನಲ್ಲಿ ಇಂಧನ ಉರಿದು ಉಂಟಾಗುವ ಶಾಖದ ಸುಮಾರು ಮೂರನೇ ಒಂದು ಭಾಗವನ್ನು ಕೂಲಂಟ್ ದ್ರವವು ಹೀರಿಕೊಂಡು ರೇಡಿಯೇಟರ್ ಮೂಲಕ ಹೊರಹಾಕುತ್ತದೆ. ಸಾಮಾನ್ಯವಾಗಿ ಇದು ಎಥಿಲೀನ್ ಗ್ಲೈಕಾಲ್, ನೀರು ಹಾಗೂ ತುಕ್ಕು ನಿರೋಧಕ ರಾಸಾಯನಿಕಗಳ ಮಿಶ್ರಣವಾಗಿರುತ್ತದೆ. ಕರ್ನಾಟಕದಲ್ಲಿ ಹಿಮದ ಭಯವಿಲ್ಲವಾದುದರಿಂದ ಬರಿಯ ನೀರೇ ಸಾಕೆಂಬ ಭಾವನೆ ಕೆಲವರಲ್ಲಿದೆ. ಇದು ಸರಿಯಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕುದಿಯುತ್ತದೆ. ಸಮಪಾಲು ಗ್ಲೈಕಾಲ್ ಬೆರೆತ ದ್ರವದ ಕುದಿಬಿಂದು ಇದಕ್ಕಿಂತ ಹೆಚ್ಚು. ಮುಚ್ಚಳದ ಒತ್ತಡದಿಂದ ಅದು ಮತ್ತಷ್ಟು ಏರುತ್ತದೆ. ಆಗುಂಬೆ, ಚಾರ್ಮಾಡಿಯಂತಹ ಘಾಟಿಗಳನ್ನು ಏರುವ ವಾಹನಗಳಿಗೆ ಈ ಅಂತರವೇ ರಕ್ಷಣೆ. ಇದಲ್ಲದೆ ಕೊಳವೆಬಾವಿಯ ಗಡಸು ನೀರಿನಲ್ಲಿರುವ ಲವಣಗಳು ರೇಡಿಯೇಟರ್‌ನ ಕಿರಿದಾದ ನಾಳಗಳಲ್ಲಿ ಗಟ್ಟಿಯಾಗಿ ಕಟ್ಟಿಕೊಳ್ಳುತ್ತವೆ.

ಬದಲಾಯಿಸಬೇಕಾದ ಅವಧಿ

ತುಕ್ಕು ನಿರೋಧಕಗಳು ಕಾಲಕ್ರಮೇಣ ಕ್ಷೀಣಿಸುತ್ತವೆ. ಹಳೆಯ ಮಾದರಿಯ ಕೂಲಂಟ್‌ಗಳಿಗೆ ಸುಮಾರು 2 ವರ್ಷ, ಸಾವಯವ ಆಮ್ಲ ಆಧಾರಿತ ಕೂಲಂಟ್‌ಗಳಿಗೆ ಸುಮಾರು 5 ವರ್ಷ ಬಾಳಿಕೆ ಇರುತ್ತದೆ. ಆದರೆ ವಾಹನದ ಕೈಪಿಡಿಯಲ್ಲಿ ಸೂಚಿಸಿರುವ ಅವಧಿ ಮತ್ತು ದರ್ಜೆಯೇ ಅಂತಿಮ. ಬಣ್ಣವನ್ನು ನೋಡಿ ದರ್ಜೆಯನ್ನು ನಿರ್ಧರಿಸಬಾರದು. ಒಂದೇ ಬಣ್ಣದಲ್ಲಿ ಬೇರೆ ಬೇರೆ ದರ್ಜೆಯ ದ್ರವಗಳು ಮಾರಾಟವಾಗುತ್ತವೆ. ಹೊಂದಿಕೆಯಾಗದ ದ್ರವಗಳನ್ನು ಬೆರೆಸಿದಲ್ಲಿ ಲೋಳೆಯಂತಹ ಗಸಿ ಉಂಟಾಗಿ ನಾಳಗಳು ಮುಚ್ಚಿಹೋಗಬಹುದು.

ಮುನ್ನೆಚ್ಚರಿಕೆಗಳು

1. ಎಂಜಿನ್ ಬಿಸಿಯಿರುವಾಗ ಮುಚ್ಚಳವನ್ನು ಯಾವುದೇ ಕಾರಣಕ್ಕೂ ತೆರೆಯಬಾರದು. ಒತ್ತಡದಲ್ಲಿರುವ ಕುದಿಯುವ ದ್ರವವು ಚಿಮ್ಮಿ ಮುಖ ಮತ್ತು ಕೈಗಳಿಗೆ ತೀವ್ರ ಸುಟ್ಟಗಾಯಗಳಾಗುತ್ತವೆ.
2. ಎಥಿಲೀನ್ ಗ್ಲೈಕಾಲ್ ವಿಷಕಾರಿ. ರುಚಿ ಸಿಹಿಯಾಗಿರುವುದರಿಂದ ಮಕ್ಕಳು ಹಾಗೂ ನಾಯಿಗಳು ಕುಡಿಯುವ ಸಂಭವವಿದೆ. ಅಲ್ಪ ಪ್ರಮಾಣವೂ ಮೂತ್ರಪಿಂಡಗಳನ್ನು ಹಾಳುಮಾಡಿ ಪ್ರಾಣಕ್ಕೆ ಕುತ್ತು ತರಬಹುದು. ಕುಡಿದಿರುವ ಸಂಶಯವಿದ್ದಲ್ಲಿ ಲಕ್ಷಣಗಳಿಗಾಗಿ ಕಾಯದೆ, ವಾಂತಿ ಮಾಡಿಸದೆ, ಡಬ್ಬಿಯ ಸಮೇತ ಕೂಡಲೇ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು. ತಡಮಾಡದಿದ್ದಲ್ಲಿ ಪರಿಣಾಮಕಾರಿ ಚಿಕಿತ್ಸೆ ಲಭ್ಯವಿದೆ.
3. ವಿದ್ಯುತ್ ಹಾಗೂ ಹೈಬ್ರಿಡ್ ವಾಹನಗಳ ಕೂಲಂಟ್ ಬದಲಾವಣೆಯನ್ನು ಮನೆಯಲ್ಲಿ ಮಾಡಬಾರದು.

ಬೇಕಾಗುವ ಸಾಮಗ್ರಿಗಳು

ಕೈಪಿಡಿಯಲ್ಲಿ ತಿಳಿಸಿದ ದರ್ಜೆಯ ಕೂಲಂಟ್, ಡಿಸ್ಟಿಲ್ಡ್ ವಾಟರ್, ಅಗಲವಾದ ಬೇಸಿನ್, ಆಲಿಕೆ, ಇಕ್ಕಳ, ಕೈಗವಸು, ಕನ್ನಡಕ ಹಾಗೂ ಮುಚ್ಚಳವಿರುವ ಖಾಲಿ ಕ್ಯಾನ್‌ಗಳು.

ಅನುಸರಿಸಬೇಕಾದ ಕ್ರಮ

1. ವಾಹನವನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಚಕ್ರಗಳಿಗೆ ಅಡ್ಡಗಲ್ಲು ಇಡತಕ್ಕದ್ದು. ಕೀಲಿಯನ್ನು ತೆಗೆದು ಎಂಜಿನ್ ಪೂರ್ಣ ತಣ್ಣಗಾಗುವವರೆಗೆ ಕೆಲವು ಗಂಟೆ ಬಿಡತಕ್ಕದ್ದು.
2. ಮುಚ್ಚಳವನ್ನು ತೆರೆದು, ರೇಡಿಯೇಟರ್ ತಳಭಾಗದ ಡ್ರೈನ್ ತಿರುಪನ್ನು ಸಡಿಲಿಸಿ ದ್ರವವನ್ನು ಬೇಸಿನ್‌ಗೆ ಇಳಿಸುವುದು. ತಿರುಪು ಇಲ್ಲದ ವಾಹನಗಳಲ್ಲಿ ಕೆಳಗಿನ ಹೋಸ್ ಪೈಪಿನ ಕ್ಲಾಂಪ್ ತೆಗೆಯಬೇಕಾಗುತ್ತದೆ. ಮೀಸಲು ಟ್ಯಾಂಕನ್ನೂ ಖಾಲಿ ಮಾಡುವುದು.
3. ಇಳಿದ ದ್ರವವನ್ನು ಪರಿಶೀಲಿಸುವುದು. ತುಕ್ಕಿನ ಬಣ್ಣ ಕಂಡಲ್ಲಿ ತೊಳೆಯುವುದು ಅವಶ್ಯ. ಎಣ್ಣೆಯ ಅಂಶ ಅಥವಾ ಹಾಲು ಬೆರೆತಂತಹ ಕಂದು ಬಣ್ಣ ಕಂಡಲ್ಲಿ ಕೆಲಸವನ್ನು ನಿಲ್ಲಿಸಿ ಮೆಕ್ಯಾನಿಕ್‌ಗೆ ತೋರಿಸತಕ್ಕದ್ದು. ಹೆಡ್ ಗ್ಯಾಸ್ಕೆಟ್ ಕೆಟ್ಟಿರುವ ಸಂಭವವಿದೆ.
4. ತೊಳೆಯಲು ಡಿಸ್ಟಿಲ್ಡ್ ವಾಟರ್ ತುಂಬಿ, ಮುಚ್ಚಳ ಹಾಕಿ, ಹೀಟರ್ ಪೂರ್ಣ ಬಿಸಿಗಿಟ್ಟು, ಮೇಲಿನ ಹೋಸ್ ಬಿಸಿಯಾಗುವವರೆಗೆ ಎಂಜಿನ್ ನಡೆಸುವುದು. ಪುನಃ ತಣ್ಣಗಾದ ನಂತರ ಇಳಿಸುವುದು. ನೀರು ತಿಳಿಯಾಗುವವರೆಗೆ ಇದನ್ನು ಪುನರಾವರ್ತಿಸುವುದು.
5. ಡ್ರೈನ್ ತಿರುಪು ಹಲವು ವಾಹನಗಳಲ್ಲಿ ಪ್ಲಾಸ್ಟಿಕ್‌ನದಾಗಿರುವುದರಿಂದ ಅತಿಯಾಗಿ ಬಿಗಿಯಬಾರದು.
6. ಹೊಸ ಕೂಲಂಟನ್ನು ನಿಧಾನವಾಗಿ ತುಂಬುವುದು. ಗಾಳಿ ತೆಗೆಯುವ ತಿರುಪು ಇದ್ದಲ್ಲಿ, ಗುಳ್ಳೆಗಳಿಲ್ಲದೆ ದ್ರವ ಹೊರಬರುವವರೆಗೆ ತೆರೆದಿಟ್ಟು ನಂತರ ಮುಚ್ಚುವುದು. ಉಳಿದ ಗಾಳಿಯನ್ನು ಕೈಪಿಡಿಯಲ್ಲಿ ತಿಳಿಸಿದ ರೀತಿಯಲ್ಲಿ ಹೊರಹಾಕುವುದು.
7. ಎಂಜಿನ್ ತಣ್ಣಗಾದ ನಂತರ ಮೀಸಲು ಟ್ಯಾಂಕಿನ ಮಟ್ಟ ಕನಿಷ್ಠ ಮತ್ತು ಗರಿಷ್ಠ ಗುರುತುಗಳ ನಡುವೆ ಇರುವಂತೆ ನೋಡಿಕೊಳ್ಳುವುದು. ಮುಂದಿನ ಕೆಲವು ದಿನ ಬೆಳಿಗ್ಗೆ ಮಟ್ಟವನ್ನೂ ಸೋರಿಕೆಯನ್ನೂ ಪರೀಕ್ಷಿಸತಕ್ಕದ್ದು.

ಮಿಶ್ರಣದ ಲೆಕ್ಕ

ಸಿದ್ಧ ಮಿಶ್ರಣಕ್ಕೆ ನೀರು ಬೆರೆಸಬಾರದು. ಆದರೆ ತೊಳೆದ ನೀರಿನ ಒಂದು ಭಾಗ ಎಂಜಿನ್ ಒಳಗೆ ಉಳಿಯುವುದರಿಂದ, ತೊಳೆದ ನಂತರ ಸಿದ್ಧ ಮಿಶ್ರಣ ಹಾಕಿದಲ್ಲಿ ಅದು ತೆಳುವಾಗುತ್ತದೆ. ಅಂತಹ ಸಂದರ್ಭದಲ್ಲಿ ಸಾಂದ್ರ ಕೂಲಂಟ್ ಬಳಸುವುದು ಸೂಕ್ತ. ಉದಾಹರಣೆಗೆ, ಒಟ್ಟು ಸಾಮರ್ಥ್ಯ 6 ಲೀಟರ್ ಇದ್ದು, 4 ಲೀಟರ್ ನೀರು ಮಾತ್ರ ಹೊರಬಂದಿದ್ದಲ್ಲಿ, 2 ಲೀಟರ್ ಒಳಗಿದೆ ಎಂದರ್ಥ. ಆಗ ಮೊದಲು 3 ಲೀಟರ್ ಸಾಂದ್ರ ಕೂಲಂಟ್, ನಂತರ 1 ಲೀಟರ್ ಡಿಸ್ಟಿಲ್ಡ್ ವಾಟರ್ ಹಾಕಿದಲ್ಲಿ ಸಮಪಾಲು ಮಿಶ್ರಣ ದೊರೆಯುತ್ತದೆ.

ಹಳೆಯ ದ್ರವದ ವಿಲೇವಾರಿ

ಹಳೆಯ ಕೂಲಂಟನ್ನು ಹಾಗೂ ಮೊದಲ ಬಾರಿ ತೊಳೆದ ನೀರನ್ನು ಮಣ್ಣಿಗೆ, ಚರಂಡಿಗೆ ಅಥವಾ ಕೆರೆಗೆ ಸುರಿಯಬಾರದು. ಬಳಸಿದ ದ್ರವದಲ್ಲಿ ಲೋಹದ ಅಂಶಗಳು ಸೇರಿರುತ್ತವೆ. ಕ್ಯಾನ್‌ಗಳಲ್ಲಿ ತುಂಬಿ, ಹೆಸರು ಬರೆದು, ಇದನ್ನು ಸ್ವೀಕರಿಸುವ ಸರ್ವಿಸ್ ಕೇಂದ್ರಕ್ಕೆ ಒಪ್ಪಿಸತಕ್ಕದ್ದು. ಕುಡಿಯುವ ನೀರಿನ ಅಥವಾ ತಂಪು ಪಾನೀಯದ ಬಾಟಲಿಗಳಲ್ಲಿ ಇದನ್ನು ಎಂದಿಗೂ ಇಡಬಾರದು. ನೆಲಕ್ಕೆ ಚೆಲ್ಲಿದ್ದನ್ನು ಮರಳು ಅಥವಾ ಮರದ ಹೊಟ್ಟಿನಿಂದ ಹೀರಿಸಿ, ಸ್ಥಳವನ್ನು ಸ್ವಚ್ಛಗೊಳಿಸತಕ್ಕದ್ದು.

ವಾರಂಟಿ ಅವಧಿಯಲ್ಲಿರುವ ವಾಹನಗಳ ಮಾಲೀಕರು ಈ ಕೆಲಸಕ್ಕೆ ತೊಡಗುವ ಮುನ್ನ ವಾರಂಟಿ ಷರತ್ತುಗಳನ್ನು ಓದಿಕೊಳ್ಳುವುದು ಸೂಕ್ತ.